ಆರು ಬಸ್ಸಿನ ಲೆಕ್ಕ

ಕಾಫಿ ಸೀಮೆಯ ಚರಿತ್ರೆ ಅಂತ ಯಾರೇ ಬರೆಯಲಿ, ಬಾಬಾಬುಡನ್ ತಂದ ಏಳು ಬೀಜದಿಂದ ಶುರು ಮಾಡ್ತಾರೆ. ಆಮೇಲೆ ದೊರೆಗಳು ಬರ್ತಾರೆ. ದೊರೆಗಳು ಹಡಗು ಹತ್ತಿದ ಮೇಲೆ ಧಣಿಗಳು ಬರ್ತಾರೆ. ಧಣಿಯ ಬಂಗಲೆ, ಧಣಿಯ ಕೋವಿ, ಧಣಿಯ ನಾಯಿ, ಧಣಿಯ ಕಾರು ಎಲ್ಲಕ್ಕೂ ಒಂದೊಂದು ಪುಟ ಇರ್ತದೆ. ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಹೊತ್ತು ಗಾಡಿಗೆ ಹೇರಿದ ಜನ ಮಾತ್ರ 'ಆಳುಗಳು' ಎಂಬ ಒಂದು ಬಹುವಚನದಲ್ಲಿ ಮುಗಿದುಹೋಗ್ತಾರೆ. ನಾವು ಬೀಜದ ಕಡೆಯಿಂದ ಬರದೆ ಚಕ್ರದ ಕಡೆಯಿಂದ ಬರ್ತೇವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಕೊಪ್ಪದ ಈ ಗುಡ್ಡಗಳ ಮೇಲೆ ಮೋಟಾರು ಹೇಗೆ ಹತ್ತಿತು, ಅದನ್ನು ಮಾಡಿದವರು ಯಾರು, ಓಡಿಸಿದವರು ಯಾರು, ಒಡೆಯರಾದವರು ಯಾರು? ಒಂದು ಸಲ ಓಡಿಸಿದವರೇ ಒಡೆಯರಾದದ್ದು ಹೇಗೆ, ಆಮೇಲೆ ಏನಾಯಿತು? ಇದೇ ಈ ಲೇಖನದ ವಿಷಯ.

ಚಕ್ರದ ಮಾತು ನಮಗೆ ಬರೀ ವ್ಯಾಪಾರದ ಮಾತಲ್ಲ. ಅಂಬೇಡ್ಕರರು 'ವೇಟಿಂಗ್ ಫಾರ್ ಎ ವೀಸಾ' ಎಂದು ಬರೆದಿಟ್ಟ ನೆನಪುಗಳಲ್ಲಿ ಎರಡು ಪ್ರಸಂಗ ಗಾಡಿಯದೇ. ೧೯೦೧ರಲ್ಲಿ, ಇನ್ನೂ ಹುಡುಗ, ಮನೆಯ ಬೇರೆ ಮಕ್ಕಳ ಜೊತೆ ತಂದೆಯನ್ನು ನೋಡಲು ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿದರೆ, ಮಹಾರ್ ಮಕ್ಕಳನ್ನು ಕೂರಿಸಿಕೊಳ್ಳಲು ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು, ಮಕ್ಕಳೇ ಎತ್ತು ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರ್ತಾನೆ ಅನ್ನೋ ಕರಾರಾಯಿತು. ಎರಡನೆಯದು ೧೯೨೯ರ ಚಾಳೀಸಗಾಂವ್. ಆಗ ಅವರು ಬ್ಯಾರಿಸ್ಟರು, ಅಸ್ಪೃಶ್ಯರ ಕಷ್ಟ ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರು. ಟಾಂಗಾದವರು ಮಾತ್ರ ಒಪ್ಪಲಿಲ್ಲ. ಕೇರಿಯ ಜನ ಟಾಂಗಾ ಒಂದನ್ನು ಬಾಡಿಗೆಗೆ ತಂದು ಹೊಡೆಯಲು ಬಾರದ ತಮ್ಮವನೊಬ್ಬನನ್ನೇ ಕೂರಿಸಿದರು. ಸೇತುವೆಯ ಮೇಲೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡರು. ಒಬ್ಬ ಬಡ ಟಾಂಗಾದವನೂ ತಾನು ಈ ಬ್ಯಾರಿಸ್ಟರಿಗಿಂತ ಮೇಲು ಅಂತ ತಿಳಿದಿದ್ದ ಎಂಬುದನ್ನು ಅವರು ಅಲ್ಲೇ ಗುರುತಿಸುತ್ತಾರೆ. ಗಾಡಿ ಇರೋದು ಒಂದು ಮಾತು. ಹೊಡೆಯೋದು ಕಲಿಯಲು ಬಿಡದೇ ಇರೋದು ಇನ್ನೊಂದು ಮಾತು. ಚಾಳೀಸಗಾಂವ್‌ನಲ್ಲಿ ಮುರಿದದ್ದು ಈ ಎರಡನೆಯ ಮಾತಿನಿಂದ.

ಮೋಟಾರು ಬಂದಾಗ ಇದರಲ್ಲಿ ಅರ್ಧ ಬದಲಾಯಿತು. ಬಸ್ಸಿನ ಟಿಕೀಟಿಗೆ ಜಾತಿ ಇಲ್ಲ. ಕಾಸು ಕೊಟ್ಟವನು ಕೂರ್ತಾನೆ. ಪಕ್ಕದವನು ಮುದುಡಿಕೊಂಡರೂ ಎದ್ದು ಹೋಗೋ ಹಾಗಿಲ್ಲ, ಎದ್ದರೆ ಸೀಟು ಹೋಯಿತು. ಹಳ್ಳಿಯ ಹೋಟೆಲಿನ ಬೇರೆ ಲೋಟದ ಕಾನೂನು ಬಸ್ಸಿನೊಳಗೆ ನಡೆಯಲಿಲ್ಲ. ಉಳಿದರ್ಧ ಬದಲಾಗಲಿಲ್ಲ. ಬಸ್ಸು ಯಾರದು, ಪರ್ಮಿಟ್ಟು ಯಾರದು, ಸ್ಟೇರಿಂಗ್ ಹಿಡಿಯಲು ಯಾರು ಯಾರಿಗೆ ಕಲಿಸ್ತಾರೆ, ಟಾಪಿನ ಮೇಲೆ ಹತ್ತಿ ಮೂಟೆ ಇಳಿಸೋನು ಯಾರು ಅನ್ನೋದೆಲ್ಲ ಹಳೇ ಲೆಕ್ಕದಲ್ಲೇ ಉಳಿಯಿತು.

ಈ ಗುಡ್ಡಗಳಲ್ಲಿ ಮೋಟಾರಿಗೆ ಇಷ್ಟು ಬಲ ಬಂದದ್ದು ರೈಲು ಇಲ್ಲದ್ದಕ್ಕೆ. ಕಾಫಿ ವಿಲಾಯಿತಿಗೆ ಹೋಗಲು ಶುರುವಾಗಿ ನೂರೈವತ್ತು ವರ್ಷ ಕಳೆದರೂ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ರೈಲು ಬಂದದ್ದು ೨೦೧೩ರಲ್ಲಿ, ಕಡೂರಿನಿಂದ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಗೆ ಇವತ್ತಿಗೂ ಇಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಕಾಫಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಿಗೆ, ಪಿಯರ್ಸ್ ಲೆಸ್ಲಿಯಂಥ ಬಿಳಿಯರ ಕಂಪನಿಗಳಿಗೆ ಹೋಗ್ತಿತ್ತು. ಮೋಟಾರಿನ ಕಾಲದಲ್ಲೂ ಅದೇ ದಾರಿ, ಅದೇ ಚಾರ್ಮಾಡಿ. ದಾರಿ ಹಾಕಿದ್ದು ಮೂಟೆಗೋಸ್ಕರ. ಮನುಷ್ಯರು ಮೂಟೆಯ ಹಿಂದೆ ಬಂದರು.

ಜೀಪಿನದು ಬೇರೆ ಕತೆ. ಎರಡನೇ ಮಹಾಯುದ್ಧಕ್ಕೆ ಅಮೆರಿಕದ ವಿಲ್ಲೀಸ್ ಕಂಪನಿ ಮಾಡಿದ ಗಾಡಿ ಅದು. ೧೯೪೫ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಮಹೀಂದ್ರ ಅಂಡ್ ಮೊಹಮ್ಮದ್ ಅನ್ನೋ ಕಂಪನಿ ಹುಟ್ಟಿತು. ೧೯೪೭ರಲ್ಲಿ ಬಿಡಿ ಭಾಗ ತರಿಸಿ ಜೀಪು ಜೋಡಿಸಲು ಹಿಡಿಯಿತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು. ೧೯೪೮ರಲ್ಲಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ದೇಶ ಒಡೆದದ್ದು ಒಂದು ಬೋರ್ಡಿನ ಮೇಲೂ ಹೀಗೆ ಕಾಣ್ತದೆ. ನಾಲ್ಕು ಚಕ್ರಕ್ಕೂ ಎಳೆತ ಇದ್ದ ಈ ಗಾಡಿ ಮಳೆಗಾಲದ ಕೆಸರಿನ ತೋಟದ ರಸ್ತೆಗೆ ಹೇಳಿ ಮಾಡಿಸಿದ ಹಾಗಿತ್ತು. ಧಣಿ ಕುದುರೆ ಇಳಿದು ಜೀಪು ಹತ್ತಿದ. ಲೈನು ಮನೆಯವರಿಗೆ ಜೀಪಿನ ಸದ್ದು ಅಂದರೆ ರಸ್ತೆ ಬಿಟ್ಟು ಚರಂಡಿಗೆ ಇಳಿಯೋ ಸದ್ದು. ಅದೇ ಜೀಪು ಹಳತಾಗಿ ಕೈ ಬದಲಾಗಿ ಬಾಡಿಗೆ ಜೀಪಾದಾಗ, ಹೆರಿಗೆ ಹೆಂಗಸನ್ನು ಆಸ್ಪತ್ರೆಗೆ ಒಯ್ದದ್ದೂ ಅದೇ. ಯಂತ್ರಕ್ಕೆ ಜಾತಿ ಇಲ್ಲ ಮಾರಾಯರೆ, ಯಜಮಾನನಿಗೆ ಇರ್ತದೆ.

ಇನ್ನು ಘಟ್ಟದ ಕೆಳಗಿನ ಕೂಟದ ಮಾತು. ಮಲೆನಾಡಿನ ಬಸ್ಸಿನ ಕತೆ ಕರಾವಳಿಯ ಕತೆಯ ಬಾಲ. ಮಂಗಳೂರಿನ ಸಿಪಿಸಿ, ಅಂದರೆ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ, ೧೯೧೪ರ ಕೂಸು. ಅದರ ಅಕ್ಕಪಕ್ಕದಲ್ಲೇ ಬ್ಯಾಂಕುಗಳು ಎದ್ದವು: ೧೯೦೬ರಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ೧೯೨೪ರಲ್ಲಿ ಕರ್ನಾಟಕ ಬ್ಯಾಂಕ್, ೧೯೨೫ರಲ್ಲಿ ಸಿಂಡಿಕೇಟ್, ೧೯೩೧ರಲ್ಲಿ ವಿಜಯಾ ಬ್ಯಾಂಕ್. ಸಿಂಡಿಕೇಟ್ ಬ್ಯಾಂಕಿನ ಮೂವರು ಸ್ಥಾಪಕರಲ್ಲಿ ಒಬ್ಬರು ಡಾಕ್ಟರು, ಒಬ್ಬರು ವ್ಯಾಪಾರಿ, ಮೂರನೆಯವರು ಎಂಜಿನಿಯರು ವಾಮನ ಕುಡ್ವ. ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿ ಮೋಟಾರು ಗಾಡಿಗಳ ಸ್ಪ್ರಿಂಗು ಮಾಡಲು ಹೊರಟವರೂ ಅವರೇ; ಅದು ೧೯೪೦ರ ದಶಕದ ಮಾತು. ಆಮೇಲೆ ಲ್ಯಾಮಿನಾದಂಥ ಕಂಪನಿಗಳೂ ಇದೇ ಕಸುಬಿಗೆ ಇಳಿದು ಕಾರ್ಕಳದ ನಿಟ್ಟೆಯಲ್ಲಿ ಎರಕದ ಕಾರ್ಖಾನೆಯೂ ಬಂತು. ಹೀಗೆ ಬ್ಯಾಂಕು, ಬಸ್ಸು, ಬಸ್ಸಿನ ಅಡಿಯ ಉಕ್ಕಿನ ಪಟ್ಟಿ ಎಲ್ಲವೂ ಒಬ್ಬರಿಗೊಬ್ಬರು ಗುರುತಿರುವ ಕೆಲವೇ ಮನೆತನಗಳ ಸುತ್ತಿನಲ್ಲಿ ಬೆಳೆದವು.

ಸ್ಪ್ರಿಂಗು ಸಣ್ಣ ಸಾಮಾನು ಅಂತ ತಿಳಿಯಬೇಡಿ. ಡ್ರೈವರುಗಳ ಬಾಯಲ್ಲಿ ಅದು ಬ್ಲೇಡು. ಅಗಲ ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಹದವಾಗಿ ಕಾಯಿಸಿ ಬಿಗುಮಾನ ಇಳಿಸಿ, ಉದ್ದದ ಮೇಲೆ ಗಿಡ್ಡ ಗಿಡ್ಡದ್ದು ಪೇರಿಸಿ ನಡುವೆ ಬೋಲ್ಟು ಕೂರಿಸ್ತಾರೆ. ಹದ ತಪ್ಪಿದರೆ ಒಂದೋ ಬಗ್ಗಿ ಸಾಯ್ತದೆ, ಇಲ್ಲ ಗಾಜಿನ ಹಾಗೆ ಮುರೀತದೆ. ಕೊಟ್ಟಿಗೆಹಾರದ ಮಳೆಯಲ್ಲಿ, ಬಾಳೂರು ಹಿರೇಬೈಲಿನ ಹೊಂಡದಲ್ಲಿ 'ಬ್ಲೇಡ್ ಕಟ್ಟಾಯ್ತು' ಅಂದರೆ ಆ ದಿನದ ಟ್ರಿಪ್ಪೂ ಕಟ್ಟು, ಬತ್ತೆಯೂ ಕಟ್ಟು. ಕೆಂಪು ಉಕ್ಕಿನ ಎದುರು ನಿಂತು ಬೆವರು ಬಸಿದವರು, ಬಸ್ಸಿನ ಅಡಿಗೆ ಗೋಣಿ ಹಾಸಿ ಮಲಗಿ ಬ್ಲೇಡು ಬದಲಿಸಿದವರು ಯಾವ ಕಂಪನಿಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲೂ ಫೋಟೋ ಆಗಲಿಲ್ಲ.

ಕರ್ನಾಟಕದ ಮೋಟಾರು ಉದ್ಯಮ ಅಂದರೆ ಹೀಗೇ, ಪೂರ್ತಿ ಗಾಡಿ ಮಾಡಿದ್ದಕ್ಕಿಂತ ಗಾಡಿಯ ತುಂಡು ಮಾಡಿದ್ದೇ ಜಾಸ್ತಿ. ಬೆಂಗಳೂರಿನ ಮೈಕೊ ೧೯೫೧ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಜೊತೆ ಸೇರಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡಿತು. ಎಂಜಿನ್ನು ಚಾಸಿ ಟಾಟಾದವರದು, ಇಲ್ಲ ಮದರಾಸಿನ ಲೇಲ್ಯಾಂಡಿನದು. ಕಂಪನಿ ಮಾರುತ್ತಿದ್ದದ್ದು ಬರೀ ಚಾಸಿ. ಅದಕ್ಕೆ ಮೈ ಕಟ್ಟುತ್ತಿದ್ದವರು ಊರೂರಿನ ಬಡಗಿಗಳು, ತಗಡಿನವರು, ವೆಲ್ಡರುಗಳು, ಪೇಂಟರುಗಳು. ೨೦೦೬ರಲ್ಲಿ ಟಾಟಾ ಕಂಪನಿ ಬ್ರೆಜಿಲಿನ ಮಾರ್ಕೊಪೋಲೊ ಜೊತೆ ಕೂಟ ಕಟ್ಟಿ ಧಾರವಾಡದಲ್ಲಿ ಪೂರ್ತಿ ಬಸ್ಸನ್ನೇ ಕಾರ್ಖಾನೆಯಲ್ಲಿ ಮಾಡಲು ಹೊರಟಿತು. ಮಾರ್ಕೊಪೋಲೊ ಆಮೇಲೆ ಪಾಲು ಮಾರಿ ಹೋಯಿತು, ಕಾರ್ಖಾನೆ ಉಳಿಯಿತು. ಬೀದಿ ಬದಿಯ ಶೆಡ್ಡಿನಲ್ಲಿ ಬಸ್ಸಿನ ಮೈ ಕಟ್ಟುತ್ತಿದ್ದ ಕೈಗಳಿಗೆ ಕೆಲಸ ತೆಳ್ಳಗಾಗುತ್ತ ಬಂತು.

ಪೂರ್ತಿ ಗಾಡಿ ಮಾಡಿದ ಹೆಮ್ಮೆ ಮೈಸೂರಿನ ಐಡಿಯಲ್ ಜಾವಾದ್ದು. ಚೆಕೊಸ್ಲೊವಾಕಿಯಾ ಸಮಾಜವಾದಿ ದೇಶವಾಗಿದ್ದ ಕಾಲದಲ್ಲಿ ಅಲ್ಲಿಯ ಜಾವಾ ಕಂಪನಿಯ ತಂತ್ರಜ್ಞಾನ ತಂದು ಇರಾನಿ ಮನೆತನದವರು ೧೯೬೦ರ ಸುಮಾರಿಗೆ ಕಟ್ಟಿದ ಕಾರ್ಖಾನೆ. ಜಾವಾ, ಆಮೇಲೆ ಯೆಜ್ದಿ. ತೋಟದ ರೈಟರುಗಳು, ಚಿಕ್ಕ ಧಣಿಗಳು, ಹೊಸದಾಗಿ ನೌಕರಿ ಸೇರಿದ ಮೇಷ್ಟ್ರುಗಳು ಎಲ್ಲರಿಗೂ ಅದರ ಮೇಲೆ ಕಣ್ಣು. ೧೯೯೬ರಲ್ಲಿ ಬಾಗಿಲು ಹಾಕಿತು. ಇವತ್ತು ಅದೇ ಹೆಸರನ್ನು ಬೇರೆ ಬಂಡವಾಳದವರು ಕೊಂಡು ಹೊಸ ಬೈಕಿಗೆ ಅಂಟಿಸಿ ಮಾರುತ್ತಿದ್ದಾರೆ, ೨೦೧೮ರಿಂದ. ಹಳೇ ಬೈಕಿನ ಮೇಲಿನ ಪ್ರೀತಿಗೆ ಬೆಲೆ ಬಂತು. ಹಳೇ ಕಾರ್ಮಿಕನ ಬೆವರಿಗೆ ಅಂಥ ಮರುಮಾರುಕಟ್ಟೆ ಇಲ್ಲ.

ಸರ್ಕಾರದ ಪಾತ್ರವನ್ನೂ ಇಲ್ಲೇ ಹೇಳಬೇಕು. ಮೈಸೂರು ಸರ್ಕಾರ ೧೯೪೮ರ ಸೆಪ್ಟೆಂಬರಿನಲ್ಲಿ ೧೨೦ ಬಸ್ಸಿನಿಂದ ಸಾರಿಗೆ ಇಲಾಖೆ ಶುರು ಮಾಡಿತು. ೧೯೬೧ರಲ್ಲಿ ಅದು ನಿಗಮವಾಯಿತು. ಬಯಲುಸೀಮೆಯಲ್ಲಿ ಸರ್ಕಾರಿ ಬಸ್ಸು ಊರೂರಿಗೆ ಹೋಯಿತು. ದಕ್ಷಿಣ ಕನ್ನಡ ಮತ್ತು ಮಲೆನಾಡಿನ ಬಹುಭಾಗದಲ್ಲಿ ಖಾಸಗಿಯವರ ಪರ್ಮಿಟ್ಟುಗಳೇ ಉಳಿದವು. ಇದನ್ನು ಎಷ್ಟೋ ಜನ ಕರಾವಳಿಯ ಸಾಹಸಬುದ್ಧಿ ಅಂತ ಹೊಗಳ್ತಾರೆ. ನಾವು ಇನ್ನೊಂದು ಕಡೆಯಿಂದ ನೋಡ್ತೇವೆ. ಸರ್ಕಾರಿ ಸಾರಿಗೆಯಲ್ಲಿ ಡ್ರೈವರು ಕಂಡಕ್ಟರು ಮೆಕ್ಯಾನಿಕ್ಕಿನ ಕೆಲಸಕ್ಕೆ ಮೀಸಲಾತಿ ಇತ್ತು. ಕೇರಿಯ ಹುಡುಗ ಖಾಕಿ ಹಾಕಿ, ಚೀಲ ತಗಲಿಸಿ, ಊರ ಗೌಡನಿಗೆ 'ಚಿಲ್ಲರೆ ಕೊಡಿ, ಮುಂದೆ ಹೋಗಿ' ಅಂದದ್ದು ಸಣ್ಣ ಕ್ರಾಂತಿ ಅಲ್ಲ. ಖಾಸಗಿ ಬಸ್ಸು ಆಳಿದ ನಾಡಿನಲ್ಲಿ ಆ ಬಾಗಿಲೇ ಇರಲಿಲ್ಲ. ಧಣಿಗೆ ಗುರುತಿರಬೇಕು, ಗುರುತಿನವರು ಹೇಳಬೇಕು. ಗುರುತು ಅಂದರೇನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

೧೯೭೬ರ ಜನವರಿಯಲ್ಲಿ ದೇವರಾಜ ಅರಸರ ಸರ್ಕಾರ ಕಾಂಟ್ರ್ಯಾಕ್ಟ್ ಕ್ಯಾರೇಜ್ ಬಸ್ಸುಗಳನ್ನು ಸುಗ್ರೀವಾಜ್ಞೆಯಿಂದ ವಶಕ್ಕೆ ತೆಗೆದುಕೊಂಡಿತು, ಆಮೇಲೆ ಕಾಯಿದೆಯೂ ಆಯಿತು. ಮಾಲೀಕರು ಕೋರ್ಟಿಗೆ ಹೋದರು. ೧೯೭೭ರಲ್ಲಿ ರಂಗನಾಥ ರೆಡ್ಡಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂವಿಧಾನದ ೩೯ನೇ ವಿಧಿ ಹೇಳುವ ಸಮುದಾಯದ ಭೌತಿಕ ಸಂಪನ್ಮೂಲದಲ್ಲಿ ಖಾಸಗಿಯವರ ಕೈಯಲ್ಲಿರೋದೂ ಸೇರ್ತದೆ ಅಂತ ಬರೆದರು. ಕರ್ನಾಟಕದ ಬಸ್ಸಿನ ನೆಪದಲ್ಲಿ ಹುಟ್ಟಿದ ಈ ಮಾತು ನಲವತ್ತೇಳು ವರ್ಷ ಬದುಕಿತು. ೨೦೨೪ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, ಖಾಸಗಿ ಆಸ್ತಿಯೆಲ್ಲ ಸಮುದಾಯದ ಸಂಪನ್ಮೂಲ ಅಲ್ಲ ಅಂದಿತು. ಓದುವ ಹುಡುಗರು ಈ ಎರಡು ತೀರ್ಪನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಕಾನೂನು ಕಾಲೇಜಿನಲ್ಲಿ ಕಲಿಸದೇ ಇರೋ ಎಷ್ಟೋ ವಿಷಯ ಆ ಎರಡರ ನಡುವಿನ ಸಂದಿಯಲ್ಲಿದೆ.

ಈಗ ಕೊಪ್ಪಕ್ಕೆ ಬರೋಣ.

ಕೊಪ್ಪದ ಸುತ್ತಿನಲ್ಲಿ ಶಂಕರ್ ಕಂಪನಿ ಅಂತ ಒಂದು ಖಾಸಗಿ ಬಸ್ ಕಂಪನಿ ಇತ್ತು. ಕಾರ್ಮಿಕರಿಗೂ ಆಡಳಿತಕ್ಕೂ ತಕರಾರು ಬೆಳೆದು, ಕಂಪನಿ ನಡೆಸೋಕಾಗಲ್ಲ ಅನ್ನೋ ಹಂತ ಬಂತು. ಇಂಥ ಜಾಗದಲ್ಲಿ ಸಾಮಾನ್ಯವಾಗಿ ಏನಾಗ್ತದೆ ಅಂತ ನಮಗೆಲ್ಲ ಗೊತ್ತು. ಬಾಗಿಲಿಗೆ ಬೀಗ, ಲೇಬರ್ ಕೋರ್ಟಿನಲ್ಲಿ ಹತ್ತು ವರ್ಷ, ಅಷ್ಟರಲ್ಲಿ ಅರ್ಧ ಜನ ಊರು ಬಿಟ್ಟಿರ್ತಾರೆ, ಕೆಲವರು ಲೋಕವನ್ನೇ ಬಿಟ್ಟಿರ್ತಾರೆ. ಕೊಪ್ಪದಲ್ಲಿ ಹಾಗಾಗಲಿಲ್ಲ. ಕಾರ್ಮಿಕರು ತಮಗೆ ಬರಬೇಕಾದ ಹಣಕ್ಕೆ ಬದಲು ಬಸ್ಸನ್ನೇ ತೆಗೆದುಕೊಂಡರು. ಆರು ಬಸ್ಸು. ೧೯೯೧ರಲ್ಲಿ ಆ ಆರು ಬಸ್ಸು ಇಟ್ಟುಕೊಂಡು ಸಾರಿಗೆ ಸಹಕಾರ ಸಂಘ ಕಟ್ಟಿದರು. ಜನ ಅದನ್ನು ಕರೆದದ್ದು 'ಸಹಕಾರ ಸಾರಿಗೆ' ಅಂತ.

ಆ ವರ್ಷವನ್ನು ಸ್ವಲ್ಪ ನೆನಪಿಡಿ. ೧೯೯೧. ಅದೇ ಜುಲೈಯಲ್ಲಿ ದಿಲ್ಲಿಯಲ್ಲಿ ಹೊಸ ಆರ್ಥಿಕ ನೀತಿ ಬಂತು. ಖಾಸಗಿಯವರೇ ಎಲ್ಲ ಮಾಡ್ತಾರೆ, ಸರ್ಕಾರ ಕೈ ತೆಗೆಯಲಿ, ಕಾರ್ಮಿಕ ಬಾಯಿ ಮುಚ್ಚಲಿ ಅಂತ ಪೇಪರುಗಳೆಲ್ಲ ಬರೆಯುತ್ತಿದ್ದ ವರ್ಷದಲ್ಲಿ, ಖಾಸಗಿಯವರ ಕೈಯಿಂದ ಜಾರಿದ ಬಸ್ಸನ್ನು ಕೊಪ್ಪದ ಡ್ರೈವರು ಕಂಡಕ್ಟರುಗಳು ಓಡಿಸಿ ತೋರಿಸಿದರು. ಅದೂ ಒಂದೆರಡು ವರ್ಷ ಅಲ್ಲ. ಸುಮಾರು ಇಪ್ಪತ್ತೊಂಬತ್ತು ವರ್ಷ.

ಆರು ಎಪ್ಪತ್ತು ದಾಟಿತು. ಕಾರ್ಮಿಕರು ಮುನ್ನೂರರ ಹತ್ತಿರ ಬಂದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಬಾಳೆಹೊನ್ನೂರು, ಕಳಸ, ತೀರ್ಥಹಳ್ಳಿ, ಶಿವಮೊಗ್ಗ, ಚಿಕ್ಕಮಗಳೂರು, ಅತ್ತ ಘಟ್ಟ ಇಳಿದು ಉಡುಪಿ ಮಂಗಳೂರಿನವರೆಗೆ ಅದರ ಬೋರ್ಡು ಕಾಣುತ್ತಿತ್ತು. ಶಾಲೆ ಕಾಲೇಜಿನ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟರು, ಅಂಗವಿಕಲರಿಗೂ ಕೊಟ್ಟರು. ತೋಟದ ಲೈನಿನಿಂದ ಕಾಲೇಜಿಗೆ ಹೋದ ಮೊದಲ ತಲೆಮಾರಿನ ಮಕ್ಕಳಿಗೆ ಈ ಪಾಸು ಏನು ಅಂತ ಲೆಕ್ಕ ಹಾಕಬೇಕಾದರೆ ಕೂಲಿಯ ಲೆಕ್ಕ ಪಕ್ಕದಲ್ಲಿಟ್ಟುಕೊಳ್ಳಿ. ದಿನವೂ ಹೋಗಿಬರುವ ಪೂರ್ತಿ ಚಾರ್ಜು ಕೊಡಬೇಕಾದರೆ ಅಮ್ಮನ ದಿನಗೂಲಿಯಲ್ಲಿ ಒಂದು ಪಾಲು ಬಸ್ಸಿಗೇ ಹೋಗ್ತಿತ್ತು. ಆಗ ಮನೆಯಲ್ಲಿ ಮೊದಲು ಓದು ಬಿಡೋದು ಹುಡುಗಿ.

ಖಾಸಗಿ ಬಸ್ಸಿನ ಪದ್ಧತಿ ಓದುಗರಿಗೆ ಗೊತ್ತಿರೋದೇ. ದಿನದ ಬತ್ತೆ, ಅದರ ಮೇಲೆ ಕಲೆಕ್ಷನ್ನಿನ ಪಾಲು. ಕಲೆಕ್ಷನ್ ಜಾಸ್ತಿ ಬೇಕಾದರೆ ಮುಂದಿನ ಬಸ್ಸನ್ನು ಹಿಂದೆ ಹಾಕಬೇಕು, ಟೈಮಿಂಗಿಗೆ ಜಗಳ ಆಡಬೇಕು, ತಿರುವಿನಲ್ಲಿ ಪ್ರಾಣ ಒತ್ತೆ ಇಡಬೇಕು. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ಅಂತ ಹೇಳಿತ್ತು. ಮಲೆನಾಡಿನಲ್ಲಿ ಬೆಳಗಿನ ಮೊದಲ ಟ್ರಿಪ್ಪಿಗೆ ಎದ್ದವನು ರಾತ್ರಿ ಹಾಲ್ಟಿಂಗಿನ ಊರಿನಲ್ಲಿ ಸೀಟಿನ ಮೇಲೇ ಮಲಗ್ತಿದ್ದ. ಸಹಕಾರ ಸಂಘದ ಕಾನೂನು ಬೇರೆ. ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಓಟು. ಸ್ಟೇರಿಂಗ್ ಹಿಡಿದವನು ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಅಂಬೇಡ್ಕರರು ಹೇಳಿದ ರಾಜಕೀಯದ ಒಂದು ಓಟು ಒಂದು ಮೌಲ್ಯ ಗ್ಯಾರೇಜಿನೊಳಗೂ ಬಂದ ಹಾಗೆ ಅದು.

ಇದೇನು ಆಕಾಶದಿಂದ ಇಳಿದ ಕಲ್ಪನೆ ಅಲ್ಲ. ಕಾಫಿಯ ಜೊತೆಗೇ ಹುಟ್ಟಿದ ಒಂದು ಹಿರಿಯಣ್ಣ ಇದಕ್ಕಿದ್ದಾನೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಬಿಟ್ಟಾಗ ಎ. ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರ ಸಂಘಗಳು ಹುಟ್ಟಿದವು. ಮೊದಲನೆಯದು ಹುಟ್ಟಿದ್ದು ೧೯೫೭ರ ಆಗಸ್ಟಿನಲ್ಲಿ, ಬೆಂಗಳೂರಿನಲ್ಲೇ. ಇನ್ನೊಂದು ಬೀಡಿಯ ಕತೆ. ೧೯೬೬ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂದು, ಅದನ್ನು ಕೇರಳ ಸರ್ಕಾರ ಜಾರಿ ಮಾಡಲು ಹೊರಟಾಗ, ಮಂಗಳೂರಿನ ಬೀಡಿ ಮಾಲೀಕರು ಕಣ್ಣೂರಿನ ಶಾಖೆ ಮುಚ್ಚಿ ಗಡಿಯ ಈಚೆಗೆ ಬಂದುಬಿಟ್ಟರು. ಸಾವಿರಾರು ಜನರ ಹೊಟ್ಟೆಗೆ ಹೊಡೆತ ಬಿತ್ತು. ೧೯೬೯ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಎದ್ದಿತು. ಅದರ ಹಿಂದೆ ಅಲ್ಲಿಯ ಸರ್ಕಾರ ನಿಂತಿತು, ಕಾರ್ಮಿಕರು ಷೇರು ಕಟ್ಟಲು ಸಾಲ ಕೊಟ್ಟಿತು. ಕೊಪ್ಪದ ಸಂಘ ಆ ಅದೃಷ್ಟ ಕಾಣಲಿಲ್ಲ. ಅದನ್ನು ನೋಡಲು ದೂರದ ಊರಿನವರೂ ಬಂದರು, ಹೊಗಳಿದರು, ಹೋದರು.

೨೦೨೦ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆಯ ಬಸ್ಸುಗಳು ನಿಂತವು. ಕೊರೋನಾ ಬೀಗಮುದ್ರೆಗೆ ಇನ್ನೂ ಒಂದು ತಿಂಗಳಿತ್ತು. ಆದ್ದರಿಂದ ರೋಗದ ಮೇಲೆ ಹಾಕೋ ಹಾಗಿಲ್ಲ. ಡೀಸೆಲ್ ಬೆಲೆ, ವಿಮೆಯ ಕಂತು, ತೆರಿಗೆ, ಬಿಡಿಭಾಗದ ದರ, ಇಳಿದ ಕಲೆಕ್ಷನ್, ಏರಿದ ಬಾಕಿ. ಸರ್ಕಾರದ ನೆರವು ಕೇಳಿದರು. ಹೊತ್ತಿಗೆ ಸಿಗಲಿಲ್ಲ. ಅದೇ ವರ್ಷ ಏಪ್ರಿಲ್ ಒಂದಕ್ಕೆ ಸ್ಥಾಪಕ ಕುಡ್ವರ ಸಿಂಡಿಕೇಟ್ ಬ್ಯಾಂಕೂ ಕೆನರಾ ಬ್ಯಾಂಕಿನಲ್ಲಿ ಕರಗಿತು. ಬ್ಯಾಂಕು ಸೋತರೆ ಇನ್ನೊಂದು ಬ್ಯಾಂಕಿನೊಳಗೆ ಸೇರಿಸ್ತಾರೆ, ಒಬ್ಬ ಗುಮಾಸ್ತನ ಕೆಲಸವೂ ಹೋಗೋದಿಲ್ಲ ಅಂತ ಮಂತ್ರಿಗಳು ಭರವಸೆ ಕೊಡ್ತಾರೆ. ಡ್ರೈವರುಗಳ ಸಂಘ ಸೋತರೆ ಒಂದು ದಿನದ ಸುದ್ದಿ.

ಯಾಕೆ ಸೋತಿತು? 'ಕಾರ್ಮಿಕರಿಗೆ ಆಡಳಿತ ಬರೋದಿಲ್ಲ' ಅಂತ ಹೇಳೋರು ಇದ್ದಾರೆ. ಇಪ್ಪತ್ತೊಂಬತ್ತು ವರ್ಷ ನಡೆಸಿದವರಿಗೆ ಮೂವತ್ತನೇ ವರ್ಷ ದಿಢೀರನೆ ಬುದ್ಧಿ ಹೋಯಿತೆ? ನಮಗೆ ಕಾಣೋದು ಬೇರೆ. ಬಸ್ಸು ಕಾರ್ಮಿಕರದಾಯಿತು ನಿಜ. ಆದರೆ ಬಸ್ಸು ಅಂದರೆ ಏನು? ಚಾಸಿ ಟಾಟಾದ್ದು, ಪಂಪು ಬಾಷಿನದು, ಟೈರು ಟೈರಿನ ಕಂಪನಿಯದು, ಬ್ಲೇಡು ಕರಾವಳಿಯದು, ಡೀಸೆಲ್ ಎಣ್ಣೆ ಕಂಪನಿಯದು, ವಿಮೆ ವಿಮೆಯವರದು, ರಸ್ತೆ ತೆರಿಗೆ ಸರ್ಕಾರದ್ದು. ಇಷ್ಟು ಜನರೂ ತಮ್ಮ ತಮ್ಮೊಳಗೆ ಕರಾರು ಮಾಡಿಕೊಂಡು ದರ ಕಟ್ಟಿಕೊಂಡಿರೋ ಕೂಟದ ನಡುವೆ, ಕೊಪ್ಪದವರ ಕೈಯಲ್ಲಿದ್ದದ್ದು ಟಿಕೀಟಿನ ಚೀಲ ಒಂದೇ. ಆ ಚೀಲಕ್ಕೂ ದರ ಕಟ್ಟೋದು ಸರ್ಕಾರ. ಮಾಲೀಕರು ಹೀಗೆ ಒಬ್ಬರಿಗೊಬ್ಬರು ಕೈ ಹಿಡಿದರೆ ಅದಕ್ಕೆ ಉದ್ಯಮ ಅಂತ ಹೆಸರು, ಕಾರ್ಮಿಕರು ಕೈ ಹಿಡಿದರೆ ಗಲಾಟೆ ಅಂತ ಹೆಸರು.

ಸಂಘದ ಒಳಗಿನ ಒಂದು ಕೊರತೆಯನ್ನೂ ನಾವು ಮುಚ್ಚಿಡೋದಿಲ್ಲ. ಸದಸ್ಯರು ಬಸ್ಸಿನ ಕಾರ್ಮಿಕರು. ಬಸ್ಸನ್ನೇ ನಂಬಿದ್ದ ಲೈನಿನ ಹೆಂಗಸರು, ಪಾಸಿನ ಮಕ್ಕಳು, ಸಂತೆಯ ಕೂಲಿಗಳು ಪ್ರಯಾಣಿಕರಾಗೇ ಉಳಿದರು. ತೋಟದ ಕಾರ್ಮಿಕ ಸಂಘಗಳೂ ಬಸ್ಸಿನ ಸಂಘವೂ ಒಂದೇ ರಸ್ತೆಯ ಮೇಲೆ ಬೇರೆ ಬೇರೆ ಓಡಿದವು. ಹತ್ತು ರೂಪಾಯಿ ಷೇರಿನ ಹತ್ತು ಸಾವಿರ ಪ್ರಯಾಣಿಕ ಸದಸ್ಯರಿದ್ದಿದ್ದರೆ ೨೦೨೦ರಲ್ಲಿ ವಿಧಾನಸೌಧದವರಿಗೆ ಸುಮ್ಮನಿರಲು ಅಷ್ಟು ಸುಲಭ ಆಗ್ತಿರಲಿಲ್ಲ ಅನ್ನೋದು ನಮ್ಮ ಅನಿಸಿಕೆ. ಅಲ್ಲದೆ ಭೂಮಿಯ ಪ್ರಶ್ನೆ. ಬಸ್ಸಿನ ಒಡೆತನ ಬದಲಾದರೂ ಬಸ್ಸು ಹೋಗುತ್ತಿದ್ದ ದಾರಿಯ ಎರಡೂ ಬದಿಯ ಬೇಲಿ ಬದಲಾಗಲಿಲ್ಲ. ಸರ್ಕಾರಿ ಜಾಗ ನೂರಾರು ಎಕರೆ ಒತ್ತುವರಿ ಮಾಡಿದವರು ಕೃಷಿಕರು, ಒಂದು ಗುಡಿಸಲು ಹಾಕಿದವನು ಅಕ್ರಮದವನು. ಆ ಬೇಲಿಯ ಒಳಗೆ ಹುಟ್ಟಿದವರಿಗೆ ಷೇರು ಕಟ್ಟೋ ತಾಕತ್ತು ಎಲ್ಲಿಂದ ಬರಬೇಕು?

ಮಾಲೀಕರ ಕೂಟ ಈಗ ಹೇಗಿದೆ ಅಂತ ನೋಡಬೇಕಾದರೆ ಬಿಡದಿಗೆ ಹೋಗಬೇಕು. ಜಪಾನಿನ ಟೊಯೊಟಾ ೧೯೯೭ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿತು. ಪಾಲು ನೂರಕ್ಕೆ ಎಂಬತ್ತೊಂಬತ್ತು ಅವರದು, ಹನ್ನೊಂದು ಇವರದು. ೪೩೨ ಎಕರೆ ಜಾಗ. ೧೯೯೯ರ ಕೊನೆಗೆ ಕ್ವಾಲಿಸ್ ಹೊರಬಂತು, ೨೦೦೫ರಲ್ಲಿ ಇನ್ನೋವಾ. ಚಿಕ್ಕಮಗಳೂರಿಗೆ ವಾರದ ಕೊನೆಗೆ ಗುಡ್ಡ ಹತ್ತಲು ಬರೋ ಬೆಂಗಳೂರಿನ ಸಂಸಾರಗಳನ್ನು ಕೇಳಿ, ಮಾದರಿಗಳ ಹೆಸರೆಲ್ಲ ಬಾಯಿಪಾಠ. ಅಲ್ಲಿಯ ವಿಶೇಷ ಏನೆಂದರೆ ಬಿಡಿಭಾಗದ ಕಂಪನಿಗಳು ಕಾರ್ಖಾನೆಯ ಪಕ್ಕದಲ್ಲೇ ಬೀಡು ಬಿಟ್ಟಿವೆ. ಗೋದಾಮು ತುಂಬಿಟ್ಟುಕೊಳ್ಳೋದಿಲ್ಲ, ಸೀಟು, ಬಂಪರು, ಆಕ್ಸಲ್ಲು ಯಾವ ಗಳಿಗೆಗೆ ಬೇಕೋ ಆ ಗಳಿಗೆಗೆ ಬರಬೇಕು. ಇದನ್ನು ಸಹಕಾರ, ಪರಸ್ಪರ ವಿಶ್ವಾಸ ಅಂತ ಕರೀತಾರೆ. ತಡವಾದರೆ ಯಾರ ಬೆನ್ನಿಗೆ ಬೀಳ್ತದೆ? ಮೇಲಿನ ಕಂಪನಿ ಕೆಳಗಿನ ಕಂಪನಿಗೆ, ಅದು ಗುತ್ತಿಗೆದಾರನಿಗೆ, ಗುತ್ತಿಗೆದಾರ ಟ್ರೈನಿ ಹುಡುಗನಿಗೆ. ತೋಟದ ಧಣಿ, ರೈಟರು, ಮೇಸ್ತ್ರಿ, ಆಳು ಅನ್ನೋ ಏಣಿಯನ್ನು ಕಂಡವರಿಗೆ ಈ ಏಣಿ ಹೊಸದಾಗಿ ಕಾಣೋದಿಲ್ಲ.

೨೦೦೭ರಲ್ಲಿ ಅಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಹತ್ತನೇ ಕ್ಲಾಸು ಮುಗಿಸಿದ ಬಡ ಹಳ್ಳಿ ಮಕ್ಕಳಿಗೆ ಊಟ ವಸತಿ ಸಮೇತ ಮೂರು ವರ್ಷದ ತರಬೇತಿ. ಒಳ್ಳೆಯದೇ. ಮಲೆನಾಡಿನ ಮೇಷ್ಟ್ರುಗಳು ತಮ್ಮ ಮಕ್ಕಳಿಗೆ ಇದರ ಅರ್ಜಿ ತುಂಬಿಸಬೇಕು, ನಾಚಿಕೆ ಬೇಡ; ಹೊಡೆಯೋದು ಕಲಿಯಲು ಬಿಡದ ಕಾಲದಿಂದ ಬಂದವರು ನಾವು, ಕಲಿಸುವ ಬಾಗಿಲು ಎಲ್ಲಿ ತೆರೆದರೂ ಕಾಲಿಡಬೇಕು. ಆದರೆ ಆ ಮಕ್ಕಳಿಗೆ ಇನ್ನೂ ಒಂದು ಪಾಠ ಮನೆಯಿಂದಲೇ ಹೇಳಿ ಕಳಿಸಬೇಕು. ಅದೇ ಕಾರ್ಖಾನೆಯಲ್ಲಿ ೨೦೦೬ರಲ್ಲಿ ಮುಷ್ಕರ, ಬೀಗಮುದ್ರೆ. ೨೦೧೪ರಲ್ಲಿ ಮತ್ತೆ ಬೀಗಮುದ್ರೆ. ೨೦೨೦ರ ನವೆಂಬರಿನಲ್ಲಿ ಸಂಘದ ಪದಾಧಿಕಾರಿಯೊಬ್ಬರ ಅಮಾನತಿನಿಂದ ಶುರುವಾದ ಹೋರಾಟ ೨೦೨೧ರ ಮಾರ್ಚಿನವರೆಗೆ ಎಳೆಯಿತು. ಕೆಲಸದ ಒತ್ತಡ ತಡೆಯೋಕಾಗಲ್ಲ ಅನ್ನೋದು ಕಾರ್ಮಿಕರ ಮೂಲ ದೂರು. ಮೀಸಲಾತಿ ಅಲ್ಲಿಯ ನೇಮಕಾತಿಗೆ ತಾಗೋದಿಲ್ಲ. ಖಾಸಗಿ ರಂಗದಲ್ಲಿ ಮೀಸಲಾತಿ ಅನ್ನೋ ನಮ್ಮ ಹಳೇ ಬೇಡಿಕೆ ಇನ್ನೂ ಬೇಡಿಕೆಯಾಗೇ ಇದೆ. ೨೦೧೨ರ ಕೇಂದ್ರದ ಖರೀದಿ ನೀತಿ ಪರಿಶಿಷ್ಟರ ಸಣ್ಣ ಉದ್ದಿಮೆಗಳಿಂದ ನೂರಕ್ಕೆ ನಾಲ್ಕು ಪಾಲು ಕೊಳ್ಳಬೇಕು ಅಂತ ಹೇಳ್ತದೆ. ಅದು ಹೇಳೋದು ಸರ್ಕಾರಿ ಇಲಾಖೆಗಳಿಗೆ, ಸರ್ಕಾರಿ ಕಂಪನಿಗಳಿಗೆ. ಬಿಡದಿಯ ಕೂಟಕ್ಕೆ ಅಲ್ಲ.

ಇತ್ತ ಗುಡ್ಡದ ಮೇಲೆ ಬಸ್ಸಿನ ಜಾಗವನ್ನು ಪಿಕಪ್ಪು ತುಂಬಿದೆ. ಸಾಮಾನು ಸಾಗಿಸೋ ಗಾಡಿ. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಅದರ ಹಿಂದೆ ನಿಂತು ಹೋಗೋರು ಆಳುಗಳು, ಸಂಜೆ ಅದೇ ಜಾಗದಲ್ಲಿ ಹೋಗೋದು ಕಾಫಿ ಮೂಟೆ. ಆಳುಗಳೂ ಈಗ ಊರಿನವರೇ ಅಲ್ಲ; ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ, ಬಂಗಾಳದಿಂದ ಬಂದವರು. ಗಾಡಿ ಪಲ್ಟಿಯಾದರೆ ಮೂಟೆಗೆ ವಿಮೆ ಇರ್ತದೆ, ಹಿಂದೆ ನಿಂತವರಿಗೆ ಆ ಗಾಡಿಯಲ್ಲಿ ಇರೋ ಹಕ್ಕೇ ಇಲ್ಲ ಅಂತ ಕಂಪನಿಯವರು ವಾದಿಸ್ತಾರೆ.

೨೦೨೩ರ ಜೂನ್ ೧೧ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜಿಲ್ಲ. ನಾವು ಅದನ್ನು ಬಾಯ್ತುಂಬ ಸ್ವಾಗತಿಸಿದ್ದೇವೆ, ಅಣಕಿಸಿದವರ ಜೊತೆ ಜಗಳವನ್ನೂ ಆಡಿದ್ದೇವೆ. ಆದರೆ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಕಳಸ, ಕೊಪ್ಪ, ಶೃಂಗೇರಿಯ ಒಳದಾರಿಗಳಲ್ಲಿ ಸರ್ಕಾರಿ ಬಸ್ಸು ಅಪರೂಪ. ಇರೋದು ಖಾಸಗಿ ಬಸ್ಸು, ಇಲ್ಲ ಆಟೋ, ಇಲ್ಲ ಕಾಲು. ಸಹಕಾರ ಸಾರಿಗೆ ನಿಂತಮೇಲೆ ಅದರ ಎಷ್ಟು ಟ್ರಿಪ್ಪಿಗೆ ಬದಲಿ ಬಸ್ಸು ಬಂದಿದೆ, ಯಾವ ಊರಿನ ಕೊನೇ ಬಸ್ಸು ಎಷ್ಟು ಗಂಟೆಗೆ, ಯಾವ ಲೈನಿನ ಮಕ್ಕಳು ಎಷ್ಟು ದೂರ ನಡೀತಾರೆ ಅನ್ನೋದನ್ನು ಆಯಾ ಊರಿನ ಗೆಳೆಯರು, ಮೇಷ್ಟ್ರುಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಹಳೇ ಪಾಸಿನ ತುಂಡು, ಟಿಕೀಟಿನ ಪುಸ್ತಕ, ಮಹಾಸಭೆಯ ನೋಟೀಸು ಇದ್ದವರು ಅದನ್ನು ಒಲೆಗೆ ಹಾಕಬೇಡಿ. ಕೊಪ್ಪದ ಡ್ರೈವರು ಕಂಡಕ್ಟರುಗಳು ಈಗಲೂ ನಮ್ಮ ನಡುವೆ ಇದ್ದಾರೆ, ಕೆಲವರು ಬೇರೆಯವರ ಬಸ್ಸು ಓಡಿಸ್ತಿದ್ದಾರೆ, ಮಾತಾಡಿಸಿದರೆ ಮಾತಾಡ್ತಾರೆ.